1979ರ ಮನೆಗೆ ಫೋರ್ ಪಾಯಿಂಟ್ ತಪಾಸಣೆ ಕೇಳಿದ್ದಾರೆ, ಫ್ಲೋರಿಡಾದವರು ದಾರಿ ತೋರಿಸಿ

ತುಂಗಾತೀರ, ಟ್ಯಾಂಪಾ
ಜುಲೈ 2025

ಎಲ್ಲರಿಗೂ ನಮಸ್ಕಾರ. ಟ್ಯಾಂಪಾ ಪಕ್ಕದ ಬ್ರ್ಯಾಂಡನ್‌ನಲ್ಲಿ ನಮ್ಮ ಮನೆ ಇದೆ. 1979ರಲ್ಲಿ ಕಟ್ಟಿದ, ಕಾಂಕ್ರೀಟ್ ಬ್ಲಾಕ್ ಗೋಡೆಯ, ಒಂದೇ ಅಂತಸ್ತಿನ ಮನೆ. 2016ರಲ್ಲಿ ಕೊಂಡೆವು. ಒಂಬತ್ತು ವರ್ಷಗಳಿಂದ ಒಂದೇ ಕಂಪನಿಗೆ ವಿಮೆ ಕಟ್ಟುತ್ತಿದ್ದೇವೆ. ಒಮ್ಮೆಯೂ ಪರಿಹಾರ ಕೇಳಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಬಂದಾಗ ಚಾವಣಿಯ ಹತ್ತು ಹನ್ನೆರಡು ಶಿಂಗಲ್‌ಗಳು, ಅಂದರೆ ಹೆಂಚಿನಂತೆ ಹೊದಿಸುವ ತೆಳು ಬಿಲ್ಲೆಗಳು, ಹಾರಿಹೋದವು. ಅದನ್ನೂ ನಾವೇ ಹಣ ಹಾಕಿ ಸರಿಮಾಡಿಸಿಕೊಂಡೆವು.

ಈ ವಾರ ಆ ಕಂಪನಿಯಿಂದ ಪತ್ರ ಬಂದಿದೆ. ನವೆಂಬರ್‌ನಲ್ಲಿ ಮುಗಿಯುವ ಪಾಲಿಸಿಯನ್ನು ನವೀಕರಿಸುವುದಿಲ್ಲವಂತೆ. ಕಾರಣ ಬರೆಯುವ ಜಾಗದಲ್ಲಿ "ಚಾವಣಿಯ ವಯಸ್ಸು" ಎಂದು ಮಾತ್ರ ಇದೆ. ನಮ್ಮ ಚಾವಣಿ 2008ರದ್ದು. ಬೇರೆ ಏಜೆಂಟರನ್ನು ಕೇಳಿದರೆ, ಮನೆಯ ನಾಲ್ಕು ಮುಖ್ಯ ಭಾಗಗಳನ್ನು ನೋಡುವ ಫೋರ್ ಪಾಯಿಂಟ್ ತಪಾಸಣೆಯ ವರದಿ ಮತ್ತು ಗಾಳಿ ತಾಳುವ ಶಕ್ತಿಯನ್ನು ತೋರಿಸುವ ವಿಂಡ್ ಮಿಟಿಗೇಶನ್ ವರದಿ ಎರಡನ್ನೂ ತನ್ನಿ, ಆಮೇಲೆ ದರ ಹೇಳುತ್ತೇವೆ ಎನ್ನುತ್ತಾರೆ. ನಾವು ಸುಮ್ಮನಿದ್ದರೆ ಸಾಲ ಕೊಟ್ಟ ಬ್ಯಾಂಕ್ ತಾನೇ ಒಂದು ವಿಮೆ ಮಾಡಿಸಿ, ಅದರ ಹಣವನ್ನು ನಮ್ಮ ತಲೆಗೆ ಕಟ್ಟುತ್ತದೆ.

ನನ್ನ ಭಯ ಇಷ್ಟೇ. ತಪಾಸಣೆಗೆ ಬಂದವರು ಏನಾದರೂ ಕೆಟ್ಟದ್ದು ಬರೆದುಬಿಟ್ಟರೆ ಮುಂದೆ ಯಾವ ಕಂಪನಿಯೂ ಹತ್ತಿರ ಸೇರಿಸುವುದಿಲ್ಲವೇ? ಮೊದಲು ರಿಪೇರಿ ಮಾಡಿಸಿ ಆಮೇಲೆ ಅವರನ್ನು ಕರೆಯಬೇಕೇ, ಮೊದಲೇ ಕರೆಯಬೇಕೇ? ತೀರ್ಥಹಳ್ಳಿಯಿಂದ ಬಂದಿರುವ ಮಾವನವರು ಪತ್ರದ ವಿಷಯ ಕೇಳಿ, "ನಮ್ಮ ಮನೆಗೆ ನೂರಹತ್ತು ವರ್ಷ, ಯಾರೂ ನೋಡಲು ಬಂದಿಲ್ಲ. ನಲವತ್ತಾರು ವರ್ಷದ್ದು ಹಳೆಯ ಮನೆ ಹೇಗಾಯಿತಮ್ಮ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಹಳೆಯ ತೊಲೆ, ಒರ್ಲ್ಯಾಂಡೊ

ತುಂಗಾತೀರ ಅವರೇ, ಮೊದಲು ಗಾಬರಿ ಬಿಡಿ. ಈ ರಾಜ್ಯದಲ್ಲಿ ಮನೆಯ ಪಾಲಿಸಿಯನ್ನು ನವೀಕರಿಸುವುದಿಲ್ಲ ಎನ್ನುವ ಕಂಪನಿ 120 ದಿನ ಮುಂಚೆ ತಿಳಿಸಬೇಕು ಎಂಬ ಕಾನೂನಿದೆ. ಆ ನಾಲ್ಕು ತಿಂಗಳು ನಿಮ್ಮ ಕೈಯಲ್ಲಿದೆ. ಅಷ್ಟರಲ್ಲಿ ಮಾಡಬೇಕಾದ್ದೆಲ್ಲ ಮಾಡಲು ಸಾಧ್ಯವಿದೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಹನ್ನೊಂದು ವರ್ಷಗಳಿಂದ ಪರವಾನಗಿ ಪಡೆದು ಮನೆ ತಪಾಸಣೆ ಮಾಡುತ್ತಿದ್ದೇನೆ. ದಿನಕ್ಕೆ ಎರಡು ಮೂರು ಹಳೆಯ ಮನೆಗಳ ಅಟ್ಟ ಹತ್ತಿ ಇಳಿಯುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ.

ಮಾವನವರ ಪ್ರಶ್ನೆಯಿಂದಲೇ ಶುರು ಮಾಡೋಣ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ಮಯಾಮಿಯ ದಕ್ಷಿಣದ ಊರುಗಳನ್ನು ನೆಲಸಮ ಮಾಡಿತು. ಚಾವಣಿಯ ಹಲಗೆಗಳನ್ನು ಸರಿಯಾಗಿ ಮೊಳೆ ಹೊಡೆದು ಕೂರಿಸದ ಮನೆಗಳು ಹಪ್ಪಳದಂತೆ ಹಾರಿದವು. ಹಲವು ವಿಮಾ ಕಂಪನಿಗಳು ಅದರಲ್ಲೇ ದಿವಾಳಿಯಾದವು. ಆ ಪಾಠದಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಬಂತು, 2002ರ ಮಾರ್ಚ್ 1ರಿಂದ ಜಾರಿಗೆ ಬಂತು. ಇಲ್ಲಿ ವಿಮೆಯವರು "ಹಳೆಯ ಮನೆ" ಎಂದರೆ ಅವರ ಮನಸ್ಸಿನಲ್ಲಿರುವುದು ಬಹುಪಾಲು ಆ ದಿನಕ್ಕೆ ಹಿಂದಿನದು ಎಂದೇ. ಸರ್ಕಾರವೇ ಸ್ಥಾಪಿಸಿದ ಸಿಟಿಜನ್ಸ್ ಎಂಬ ವಿಮಾ ಸಂಸ್ಥೆ 20 ವರ್ಷ ದಾಟಿದ ಮನೆಗಳಿಗೆ ಫೋರ್ ಪಾಯಿಂಟ್ ವರದಿ ಕೇಳುತ್ತದೆ. ಖಾಸಗಿ ಕಂಪನಿಗಳಲ್ಲಿ ಈ ಗಡಿ ಒಂದೊಂದರಲ್ಲಿ ಒಂದೊಂದು.

ಫೋರ್ ಪಾಯಿಂಟ್ ಎಂದರೆ ಚಾವಣಿ, ವಿದ್ಯುತ್, ನೀರಿನ ಕೊಳವೆ, ಹವಾನಿಯಂತ್ರಣ. ಇಷ್ಟೇ. ಮನೆ ಕೊಳ್ಳುವಾಗ ಮಾಡಿಸುವ ನಲವತ್ತು ಐವತ್ತು ಪುಟಗಳ ತಪಾಸಣೆಯೊಂದಿಗೆ ಇದನ್ನು ಬೆರೆಸಿಕೊಳ್ಳಬೇಡಿ. ನೆಲ ಬಿರುಕು ಬಿಟ್ಟಿದೆಯೇ, ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂದು ಇಲ್ಲಿ ಯಾರೂ ನೋಡುವುದಿಲ್ಲ. ಈ ಮನೆಗೆ ಬೆಂಕಿ ಬೀಳುತ್ತದೆಯೇ, ಒಳಗೆ ನೀರು ನುಗ್ಗುತ್ತದೆಯೇ, ಮಾಡು ಹಾರುತ್ತದೆಯೇ ಎಂಬುದನ್ನು ಫೋಟೊ ಸಮೇತ ಕೆಲವೇ ಪುಟಗಳಲ್ಲಿ ಹೇಳಬೇಕು. ವಿಂಡ್ ಮಿಟಿಗೇಶನ್ ವರದಿ ಬೇರೆ. ಗಾಳಿಯನ್ನು ತಡೆಯಲು ನಿಮ್ಮ ಮನೆಯಲ್ಲಿ ಏನೇನಿದೆ ಎಂದು ತೋರಿಸಿ ಕಂತಿನಲ್ಲಿ ರಿಯಾಯಿತಿ ಪಡೆಯುವ ಕಾಗದ ಅದು. ಮೊದಲನೆಯದು ನಿಮ್ಮನ್ನು ಬಾಗಿಲಲ್ಲೇ ತಡೆಯಬಹುದು, ಎರಡನೆಯದರಿಂದ ನಷ್ಟವಂತೂ ಇಲ್ಲ. ಎರಡನ್ನೂ ಒಂದೇ ದಿನ, ಒಬ್ಬರಿಂದಲೇ ಮಾಡಿಸಿ.

ಇನ್ನು ಚಾವಣಿ. 2022ರಲ್ಲಿ ಒಂದು ಕಾನೂನು ಬಂದಿದೆ, ಬಹಳ ಜನರಿಗೆ ಗೊತ್ತಿಲ್ಲ. ಚಾವಣಿಗೆ 15 ವರ್ಷ ತುಂಬಿಲ್ಲದಿದ್ದರೆ ಬರೀ ವಯಸ್ಸಿನ ಕಾರಣಕ್ಕೆ ವಿಮೆ ನಿರಾಕರಿಸುವಂತಿಲ್ಲ. 15 ದಾಟಿದ್ದರೆ, ಹೊಸ ಚಾವಣಿ ಹಾಕಿಸಿ ಎಂದು ಹೇಳುವ ಮುಂಚೆ, ಅರ್ಹ ತಪಾಸಣೆಗಾರರಿಂದ ನೋಡಿಸುವ ಅವಕಾಶವನ್ನು ಮನೆಯವರಿಗೆ ಕೊಡಬೇಕು. ಇನ್ನೂ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ಆ ವರದಿ ಹೇಳಿದರೆ, ಆಗಲೂ ಬರೀ ವಯಸ್ಸನ್ನು ಕಾರಣ ಮಾಡುವಂತಿಲ್ಲ. ನಿಮ್ಮ ಪತ್ರದಲ್ಲಿ ಬೇರೆ ಕಾರಣವೇ ಇಲ್ಲ ಎಂದಿರಿ. ಆ ಪತ್ರವನ್ನು ಜೋಪಾನವಾಗಿ ಇಡಿ. ಒಂದು ಎಚ್ಚರಿಕೆ: ಶಿಂಗಲ್ ಮುರುಟಿದೆ, ಸೋರುತ್ತಿದೆ ಎಂಬಂಥ ಸ್ಥಿತಿಯ ಕಾರಣವಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ವಯಸ್ಸಿನ ಲೆಕ್ಕ ಪರ್ಮಿಟ್‌ನಿಂದ, ಅಂದರೆ ಆ ಕೆಲಸಕ್ಕೆ ಪಡೆದ ಸರ್ಕಾರಿ ಅನುಮತಿಯಿಂದ. ಹಿಲ್ಸ್‌ಬರೋ ಕೌಂಟಿಯ, ಅಂದರೆ ನಿಮ್ಮ ಜಿಲ್ಲಾಡಳಿತದ, ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿ 2008ರ ಚಾವಣಿ ಪರ್ಮಿಟ್ ಹುಡುಕಿ, ಅದು ಪೂರ್ಣಗೊಂಡಿದೆ ಎಂದು ದಾಖಲಾಗಿದೆಯೇ ನೋಡಿ. ಚಾವಣಿಯ ಅರ್ಧ ಭಾಗ ಮಾತ್ರ ಹೊಸದಾದರೆ ಲೆಕ್ಕಕ್ಕೆ ಬರುವುದಿಲ್ಲ. ಪೂರ್ತಿ ಬದಲಾದ ದಿನವೇ ಅದರ ಹುಟ್ಟಿದ ದಿನ.

ಕರೆಯುವ ಮುಂಚೆ ನೀವೇ ಒಂದು ಟಾರ್ಚ್ ಹಿಡಿದು ಮನೆ ಸುತ್ತಿ. ಸಿಂಕ್‌ಗಳ ಕೆಳಗೆ ಬಗ್ಗಿ ನೋಡಿ. ಬೂದು ಬಣ್ಣದ, ಬಾಗುವ ಪ್ಲಾಸ್ಟಿಕ್ ಕೊಳವೆ ಕಂಡರೆ, ಅದರ ಮೇಲೆ ಪಿಬಿ 2110 ಎಂದು ಅಚ್ಚಾಗಿದ್ದರೆ, ಅದು ಪಾಲಿಬ್ಯುಟಿಲೀನ್. 1978ರಿಂದ 1995ರವರೆಗಿನ ಮನೆಗಳಲ್ಲಿ ಸಿಗುತ್ತದೆ. ನೀರಿನಲ್ಲಿರುವ ಕ್ಲೋರಿನ್ ಅದನ್ನು ಒಳಗಿನಿಂದ ಸವೆಸುತ್ತದೆ, ಒಂದು ದಿನ ಸದ್ದಿಲ್ಲದೆ ಒಡೆಯುತ್ತದೆ. ಹೆಚ್ಚಿನ ಕಂಪನಿಗಳು ಅದಿರುವ ಮನೆಯನ್ನು ಮುಟ್ಟುವುದಿಲ್ಲ. ವಿದ್ಯುತ್ ಪ್ಯಾನೆಲ್‌ನ ಬಾಗಿಲು ತೆಗೆದು ತಯಾರಕರ ಹೆಸರು ಓದಿ. ಫೆಡರಲ್ ಪೆಸಿಫಿಕ್‌ನ ಸ್ಟ್ಯಾಬ್-ಲಾಕ್ ಅಥವಾ ಜಿನ್ಸ್‌ಕೊ ಎಂದಿದ್ದರೆ ಅದನ್ನು ಬದಲಿಸದೆ ಮುಂದೆ ಹೋಗಲಾಗದು. ನೀರು ಕಾಯಿಸುವ ಟ್ಯಾಂಕ್‌ನ ತಯಾರಿ ವರ್ಷ ನೋಡಿ. ಚಾವಣಿಗೆ ತಾಗುವ ಮರದ ಕೊಂಬೆ ಕಡಿಸಿ. ಹಳೆಯ ಸೋರಿಕೆಯ ಕಲೆ ಸೀಲಿಂಗ್‌ನಲ್ಲಿ ಉಳಿದಿದ್ದರೆ, ಸೋರಿಕೆ ನಿಜವಾಗಿ ನಿಂತಿದೆ ಎಂದು ಖಚಿತವಾದ ಮೇಲೆ ಬಣ್ಣ ಬಳಿಸಿ.

ಕೊನೆಯದಾಗಿ ನಿಮ್ಮ ಭಯದ ವಿಷಯ. ಹಣ ಕೊಟ್ಟವರು ನೀವು, ವರದಿ ನಿಮ್ಮದು. ಮೊದಲು ನಿಮಗೆ ಮಾತ್ರ ಕಳಿಸಲು ಹೇಳಿ. ದೋಷ ಸರಿಪಡಿಸಿದ ಮೇಲೆ ಅದೇ ತಪಾಸಣೆಗಾರರು ಮತ್ತೆ ಬಂದು ಹೊಸ ಫೋಟೊ ತೆಗೆದು ವರದಿ ತಿದ್ದುತ್ತಾರೆ. ಅದನ್ನು ಏಜೆಂಟರಿಗೆ ಕೊಡಿ.

ಪುತ್ತೂರಿನವ, ಜ್ಯಾಕ್ಸನ್‌ವಿಲ್

ತೊಲೆ ಸರ್ ಹೇಳಿದ್ದೆಲ್ಲ ಸರಿ. ಆದರೆ ನನ್ನ ಪರಿಚಯದವರೊಬ್ಬರು ಅರ್ಜಿಯಲ್ಲಿ "ಕೊಳವೆ ಬದಲಿಸಿದೆ" ಎಂದು ಬರೆದುಬಿಟ್ಟರು. ಅಡುಗೆಮನೆಯದ್ದು ನಿಜವಾಗಿಯೂ ಬದಲಾಗಿತ್ತು, ಸ್ನಾನದ ಮನೆಯದ್ದು ಆಗಿರಲಿಲ್ಲ. ನಾಲ್ಕು ವರ್ಷವಾಯಿತು, ಯಾರೂ ಕೇಳಿಲ್ಲ. ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ?

ಹಳೆಯ ತೊಲೆ, ಒರ್ಲ್ಯಾಂಡೊ

ದಯವಿಟ್ಟು ಹಾಗೆ ಮಾಡಬೇಡಿ, ಮಾಡಿಸಲೂ ಬೇಡಿ. ನಾಲ್ಕು ವರ್ಷ ಕೇಳದಿದ್ದವರು, ಆ ಕೊಳವೆ ಒಡೆದು ಮೂವತ್ತು ಸಾವಿರ ಡಾಲರ್ ಪರಿಹಾರ ಕೇಳಿದ ದಿನ ಮೊದಲು ತೆಗೆಯುವುದೇ ಆ ಅರ್ಜಿಯನ್ನು. ಮುಖ್ಯವಾದ ವಿಷಯವನ್ನು ತಪ್ಪಾಗಿ ಹೇಳಿದ್ದರೆ ಪರಿಹಾರ ನಿರಾಕರಿಸಲು ಇಲ್ಲಿನ ಕಾನೂನೇ ದಾರಿ ಕೊಡುತ್ತದೆ. ಅಷ್ಟೂ ವರ್ಷ ಕಟ್ಟಿದ ಕಂತು ನೀರಿಗೆ ಹೋದಂತೆ. ನಿಮ್ಮ ಪರಿಚಯದವರಿಗೆ ನನ್ನ ಪರವಾಗಿ ಹೇಳಿ: ಆ ಸ್ನಾನದ ಮನೆಯ ಕೊಳವೆಯನ್ನು ಈ ತಿಂಗಳೇ ಬದಲಿಸಲಿ.

ಗದಗಿನ ಗಾಳಿ, ಫೋರ್ಟ್ ಮೈಯರ್ಸ್

ಒಂದು ಮಾತು ಸೇರಿಸುತ್ತೇನೆ, ಇದನ್ನು ಬರೆಯುವಾಗ ಈಗಲೂ ಎದೆ ಭಾರವಾಗುತ್ತದೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಬಂದಾಗ ನಾವು ಒರ್ಲ್ಯಾಂಡೊ ಕಡೆ ಹೋಗಿದ್ದೆವು. ಮೂರು ದಿನದ ನಂತರ ವಾಪಸ್ ಬಂದರೆ ಮನೆಯೊಳಗೆ ಎದೆಮಟ್ಟದ ನೀರು ನಿಂತು ಇಳಿದ ಗುರುತು. ಗೋಡೆಯ ಮೇಲೆ ಮಣ್ಣಿನ ಗೆರೆ. ದೇವರ ಕೋಣೆಯ ಹಲಗೆ ಅಡುಗೆಮನೆಯಲ್ಲಿತ್ತು.

ನಮ್ಮ ಚಾವಣಿ ಒಂದಿಷ್ಟೂ ಅಲುಗಿರಲಿಲ್ಲ. ಫೋರ್ ಪಾಯಿಂಟ್, ವಿಂಡ್ ಮಿಟಿಗೇಶನ್ ಎಲ್ಲದರಲ್ಲೂ ನಮ್ಮ ಮನೆಗೆ ಒಳ್ಳೆಯ ವರದಿ ಇತ್ತು. ಆದರೆ ಸಾಮಾನ್ಯ ಮನೆ ವಿಮೆ ಪ್ರವಾಹದ ನೀರಿಗೆ ಬರುವುದಿಲ್ಲ. ಸಮುದ್ರದಿಂದ ಏರಿ ಬಂದ ನೀರೂ ಪ್ರವಾಹವೇ. ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಕೇಂದ್ರ ಸರ್ಕಾರದ ಪ್ರವಾಹ ವಿಮೆಯಲ್ಲಿ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್ ಮಿತಿ. ಹೊಸದಾಗಿ ಕೊಂಡರೆ ಸಾಮಾನ್ಯವಾಗಿ 30 ದಿನ ಕಾದ ಮೇಲೆ ಜಾರಿಗೆ ಬರುತ್ತದೆ. ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಕೊಂಡರೆ ಪ್ರಯೋಜನವಿಲ್ಲ. ನಮ್ಮ ಪ್ರದೇಶಕ್ಕೆ ಬ್ಯಾಂಕ್ ಕಡ್ಡಾಯ ಮಾಡಿರಲಿಲ್ಲ, ಹಾಗಾಗಿ ನಾವು ಮಾಡಿಸಿರಲಿಲ್ಲ. ಕಡ್ಡಾಯವಲ್ಲ ಎಂದರೆ ಅಪಾಯವಿಲ್ಲ ಎಂದು ಅರ್ಥ ಮಾಡಿಕೊಂಡಿದ್ದೆವು.

ಇನ್ನೊಂದು. ಚಂಡಮಾರುತಕ್ಕೆ ನಿಮ್ಮ ಪಾಲಿಸಿಯಲ್ಲಿ ಬೇರೆಯೇ ಕಡಿತ ಇರುತ್ತದೆ, ಮನೆಯ ವಿಮಾ ಮೊತ್ತದ ಶೇಕಡ 2, 5 ಅಥವಾ 10. ಮೂರೂವರೆ ಲಕ್ಷ ಡಾಲರ್ ಮನೆಗೆ ಶೇಕಡ 2 ಎಂದರೆ ಮೊದಲ 7,000 ನಿಮ್ಮ ಜೇಬಿನಿಂದ. ಕಂತು ಕಡಿಮೆಯಾಗಲಿ ಎಂದು 10 ಆರಿಸಿದರೆ 35,000. ದರ ಹೋಲಿಸುವಾಗ ಈ ಸಾಲನ್ನೂ ಓದಿ.

ನಿವೃತ್ತ ಮೇಷ್ಟರು, ಸೇಂಟ್ ಪೀಟರ್ಸ್‌ಬರ್ಗ್

ನನ್ನ ಮನೆ 1958ರದ್ದು. ಸಾಲವೆಲ್ಲ ತೀರಿದೆ. ಎರಡು ವರ್ಷಗಳ ಹಿಂದೆ ಕಂತು 9,000 ಡಾಲರ್ ಮುಟ್ಟಿದಾಗ ವಿಮೆಯನ್ನೇ ಬಿಟ್ಟೆ. ಆ ಹಣವನ್ನು ಪ್ರತಿವರ್ಷ ಬ್ಯಾಂಕಿನಲ್ಲಿ ಬೇರೆಯಾಗಿ ಇಡುತ್ತಿದ್ದೇನೆ. ತಪ್ಪೆಂದು ಮಗ ಜಗಳವಾಡುತ್ತಾನೆ. ನನ್ನ ಪಿಂಚಣಿಯಲ್ಲಿ ಬೇರೆ ದಾರಿ ಕಾಣಲಿಲ್ಲ. ಯಾರಿಗೂ ಇದನ್ನು ಸಲಹೆಯಾಗಿ ಹೇಳುತ್ತಿಲ್ಲ.

ಗದಗಿನ ಗಾಳಿ, ಫೋರ್ಟ್ ಮೈಯರ್ಸ್

ಮೇಷ್ಟರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಮಗನ ಮಾತನ್ನೂ ಸ್ವಲ್ಪ ಕೇಳಿ. ಎರಡು ವರ್ಷದಲ್ಲಿ ಕೂಡಿಟ್ಟದ್ದು ಹದಿನೆಂಟು ಸಾವಿರ. ಒಂದು ಬಿರುಗಾಳಿಗೆ ಚಾವಣಿಯೊಂದೇ ಅಷ್ಟನ್ನು ನುಂಗುತ್ತದೆ. ಒಳಗಿನ ಗೋಡೆ, ನೆಲ, ಸಾಮಾನು ಆಮೇಲಿನ ಮಾತು. ಪೂರ್ತಿ ಬಿಡುವ ಬದಲು ಒಮ್ಮೆ ಸಿಟಿಜನ್ಸ್‌ನಲ್ಲಿ ಕೇಳಿ ನೋಡಿದ್ದೀರಾ?

ಹಳೆಯ ತೊಲೆ, ಒರ್ಲ್ಯಾಂಡೊ

ಮೇಷ್ಟರೇ, "ಮೈ ಸೇಫ್ ಫ್ಲೋರಿಡಾ ಹೋಮ್" ಎಂಬ ರಾಜ್ಯ ಸರ್ಕಾರದ ಯೋಜನೆ ಇದೆ. ಉಚಿತವಾಗಿ ಗಾಳಿಯ ತಪಾಸಣೆ ಮಾಡಿಕೊಡುತ್ತಾರೆ. ಆಮೇಲೆ ಕಿಟಕಿ, ಬಾಗಿಲು, ಚಾವಣಿಯ ಬಿಗಿತಕ್ಕೆ 10,000 ಡಾಲರ್‌ವರೆಗೆ ಅನುದಾನ. ನೀವು ಒಂದು ಡಾಲರ್ ಹಾಕಿದರೆ ಅವರು ಎರಡು ಹಾಕುತ್ತಾರೆ, ಆದಾಯ ತೀರಾ ಕಡಿಮೆ ಇರುವವರಿಗೆ ಆ ಒಂದು ಡಾಲರ್‌ನ ಷರತ್ತೂ ಇಲ್ಲ. ಶಾಸನಸಭೆ ಹಣ ಕೊಟ್ಟಾಗ ಮಾತ್ರ ಅರ್ಜಿ ತೆರೆಯುತ್ತದೆ, ಬೇಗ ಮುಗಿದೂ ಹೋಗುತ್ತದೆ. ಆದರೆ ಅನುದಾನಕ್ಕೆ ಸಾಮಾನ್ಯವಾಗಿ ಮನೆಯ ಮೇಲೆ ವಿಮೆ ಇರಬೇಕು. ವಿಮೆಗೆ ಮರಳಲು ಇದೂ ಒಂದು ಕಾರಣವಾಗಲಿ. ನನಗೆ ಖಾಸಗಿಯಾಗಿ ಬರೆಯಿರಿ, ನಿಮ್ಮ ಫೋರ್ ಪಾಯಿಂಟ್ ನಾನೇ ಬಂದು ಮಾಡಿಕೊಡುತ್ತೇನೆ. ಹಣದ ಮಾತು ಬೇಡ.

ಸಾಗರದಾಕೆ, ಸಾಗರ

ನಾನು ಇಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿರುವವಳು. ಅಕ್ಕ ಅಟ್ಲಾಂಟಾದಲ್ಲಿದ್ದಾಳೆ, ಅವಳಿಂದ ಈ ಚರ್ಚೆ ಸಿಕ್ಕಿತು. ಮಾವನವರ ಪ್ರಶ್ನೆಗೆ ಊರಿನ ಕಡೆಯಿಂದ ಒಂದು ಮಾತು.

ನಮ್ಮದು ಹೆಂಚಿನ ಮನೆ, ಅಜ್ಜನ ಕಾಲದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದ ಮೇಲೆ ಅಪ್ಪನಿಗೆ ವಿಮೆಯ ಯೋಚನೆ ಬಂತು. 2021ರ ಏಪ್ರಿಲ್ 1ರಿಂದ "ಭಾರತ್ ಗೃಹ ರಕ್ಷಾ" ಎಂಬ ಪಾಲಿಸಿ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತ, ಭೂಕಂಪ ಎಲ್ಲವೂ ಒಂದರಲ್ಲೇ ಸೇರುತ್ತವೆ. ನಿಮ್ಮಲ್ಲಿನಂತೆ ಪ್ರವಾಹಕ್ಕೆ ಬೇರೆ ಪಾಲಿಸಿ ಬೇಡ. ನಾವು ಮಾಡಿಸಿದಾಗ ಮನೆ ನೋಡಲು ಯಾರೂ ಬರಲಿಲ್ಲ. ವಿಸ್ತೀರ್ಣ ಕೇಳಿದರು, ಚದರ ಅಡಿಗೆ ಕಟ್ಟುವ ಖರ್ಚು ಕೇಳಿದರು, ಮುಗಿಯಿತು. ಅಪ್ಪ ಖುಷಿಪಟ್ಟರು. ನನಗೆ ಸಮಾಧಾನವಾಗಲಿಲ್ಲ. ಮೊದಲು ಬಾರದವರು ಕಳೆದುಕೊಂಡ ಮೇಲೆ ಖಂಡಿತ ಬರುತ್ತಾರೆ. ಸರ್ವೇಯರ್ ಬಂದು, ಈ ತೊಲೆ ಗಾಳಿಗೆ ಮುರಿದದ್ದೋ, ಮೊದಲೇ ಗೆದ್ದಲು ಹಿಡಿದಿತ್ತೋ ಎಂದು ಕೇಳಿದರೆ ನಮ್ಮ ಬಳಿ ಏನಿದೆ? ಸವಕಳಿಗೆ, ನಿಧಾನವಾಗಿ ಆದ ಹಾಳಿಗೆ ಪಾಲಿಸಿಯಲ್ಲಿ ಪರಿಹಾರವಿಲ್ಲ.

ಅದಕ್ಕೆ ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೆಂಚು ತಿರುಗಿಸಿ ಹಾಕುವಾಗ ಪಕಾಸು, ರೀಪು, ಗೋಡೆಯ ತಲೆ, ಮೀಟರ್ ಬೋರ್ಡ್ ಎಲ್ಲದರ ಫೋಟೊ ತೆಗೆದು ದಿನಾಂಕದೊಂದಿಗೆ ಇಡುತ್ತೇವೆ. ಬಡಗಿಗೆ, ಹೆಂಚಿಗೆ ಕೊಟ್ಟ ಹಣದ ಚೀಟಿಯನ್ನೂ ಜೊತೆಗಿಡುತ್ತೇವೆ. ನಿಮ್ಮಲ್ಲಿ ಒಬ್ಬ ಪರವಾನಗಿದಾರ ಬಂದು ಇದೇ ಕೆಲಸ ಮಾಡಿ ಸಹಿ ಹಾಕುತ್ತಾನೆ ಎಂದರೆ, ನನ್ನ ಮಟ್ಟಿಗೆ ಅದು ಕಿರುಕುಳವಲ್ಲ.

ತುಂಗಾತೀರ, ಟ್ಯಾಂಪಾ
ಆಗಸ್ಟ್

ಸಾಗರದಾಕೆಯವರ ಮಾತನ್ನು ಮಾವನವರಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆ ಹುಡುಗಿ ಸರಿಯಾಗಿ ಹೇಳಿದಳು" ಎಂದರು.

ತಪಾಸಣೆ ಮುಗಿಯಿತು. ಎರಡೂ ಸೇರಿ 225 ಡಾಲರ್. ತೊಲೆ ಸರ್ ಹೇಳಿದಂತೆ ನಾವೇ ಮೊದಲು ಮನೆ ಸುತ್ತಿದೆವು. ಹಿಂದಿನ ಸ್ನಾನದ ಮನೆಯ ಸಿಂಕ್ ಕೆಳಗೆ, ಬಟ್ಟೆ ಸೋಪಿನ ಡಬ್ಬಗಳ ಹಿಂದೆ, ಬೂದು ಬಣ್ಣದ ಕೊಳವೆ! ಒಂಬತ್ತು ವರ್ಷ ಅಲ್ಲೇ ಇತ್ತು, ನಾನು ದಿನವೂ ಅಲ್ಲಿಂದ ಸೋಪು ತೆಗೆಯುತ್ತಿದ್ದೆ. ಮುಂಭಾಗದ್ದೆಲ್ಲ ತಾಮ್ರದ್ದು. ಹಿಂದೆ ಯಾರೋ ಆ ಸ್ನಾನದ ಮನೆಯನ್ನು ಹೊಸದಾಗಿ ಕಟ್ಟಿದಾಗ ಹಾಕಿದ್ದಿರಬೇಕು ಎಂದು ಪ್ಲಂಬರ್ ಹೇಳಿದರು. ಬದಲಿಸಲು 2,300.

ವರದಿಯಲ್ಲಿ ಬಂದ ಉಳಿದ ದೋಷಗಳು: ಪ್ಯಾನೆಲ್‌ನಲ್ಲಿ ಒಂದು ತಂತಿಗೆ ಮಾತ್ರ ಜಾಗವಿರುವ ಬ್ರೇಕರ್‌ಗೆ ಎರಡು ತಂತಿ ಸಿಕ್ಕಿಸಿದ್ದಾರೆ, ನೀರು ಕಾಯಿಸುವ ಟ್ಯಾಂಕ್ 2006ರದ್ದು. ಎಲೆಕ್ಟ್ರಿಷಿಯನ್ 180ಕ್ಕೆ ಸರಿಮಾಡಿದರು. ಟ್ಯಾಂಕ್ ಪರ್ಮಿಟ್ ಸಮೇತ 1,700. ಹವಾನಿಯಂತ್ರಣ 2019ರದ್ದು, ಅದಕ್ಕೆ ತೊಂದರೆ ಇಲ್ಲ.

ಚಾವಣಿ ನೋಡಲು ತಪಾಸಣೆಗಾರರು ಒಂದು ಗಂಟೆ ಮೇಲೆಯೇ ಇದ್ದರು. ದಕ್ಷಿಣದ ಇಳಿಜಾರಿನಲ್ಲಿ ಶಿಂಗಲ್‌ನ ಹರಳು ಸ್ವಲ್ಪ ಉದುರಿದೆ, ಮಿಲ್ಟನ್ ನಂತರದ ರಿಪೇರಿ ಗಟ್ಟಿಯಾಗಿದೆ, ಇನ್ನು ಐದರಿಂದ ಏಳು ವರ್ಷ ಬಾಳುತ್ತದೆ ಎಂದು ಬರೆದಿದ್ದಾರೆ. ಓದಿ ಕಣ್ಣಲ್ಲಿ ನೀರು ಬಂತು.

ಆದರೆ ವಿಂಡ್ ಮಿಟಿಗೇಶನ್‌ನಲ್ಲಿ ನಿರಾಸೆ. ಚಾವಣಿ ಮತ್ತು ಗೋಡೆಯ ಜೋಡಣೆ ಎಂಬ ಸಾಲಿನಲ್ಲಿ ಅತಿ ಕೆಳಗಿನ ದರ್ಜೆ ಬಂದಿದೆ. ಓರೆಯಾಗಿ ಹೊಡೆದ ಮೊಳೆ ಮಾತ್ರ ಇದೆ ಎಂಬ ದರ್ಜೆ. ಮಾವನವರು ತಪಾಸಣೆಗಾರರ ಜೊತೆಗೇ ಅಟ್ಟಕ್ಕೆ ಹತ್ತಿದ್ದರು. ಎಪ್ಪತ್ತೊಂದು ವರ್ಷ, ಬೇಡ ಎಂದರೂ ಕೇಳಲಿಲ್ಲ. ಕೆಳಗಿಳಿದು, "ಅಲ್ಲಿ ಪ್ರತಿ ಪಕಾಸಿಗೂ ಗೋಡೆಯಿಂದ ತಗಡಿನ ಪಟ್ಟಿ ಇದೆ, ನನ್ನ ಕಣ್ಣಾರೆ ನೋಡಿದ್ದೇನೆ. ಇಲ್ಲವೆಂದು ಹೇಗೆ ಬರೆದ?" ಎಂದು ಕೇಳುತ್ತಿದ್ದಾರೆ. ಇದು ತಪಾಸಣೆಗಾರರ ತಪ್ಪೇ?

ಹಳೆಯ ತೊಲೆ, ಒರ್ಲ್ಯಾಂಡೊ

ತಪ್ಪಲ್ಲ. ಆದರೆ ಮಾವನವರ ಕಣ್ಣೂ ಸರಿಯಾಗಿದೆ. ವರದಿಯ ಫೋಟೊವನ್ನು ದೊಡ್ಡದು ಮಾಡಿ, ಪಟ್ಟಿಯ ಮೇಲೆ ಎಷ್ಟು ಮೊಳೆಯ ತಲೆ ಕಾಣುತ್ತವೆ ಎಣಿಸಿ ಹೇಳಿ.

ತುಂಗಾತೀರ, ಟ್ಯಾಂಪಾ

ಎರಡು. ಎಲ್ಲ ಫೋಟೊಗಳಲ್ಲೂ ಎರಡೇ.

ಹಳೆಯ ತೊಲೆ, ಒರ್ಲ್ಯಾಂಡೊ

ಅಲ್ಲೇ ಇದೆ ವಿಷಯ. ಆ ನಮೂನೆಯ ನಿಯಮದಂತೆ ಪಟ್ಟಿಯನ್ನು ಟ್ರಸ್‌ಗೆ, ಅಂದರೆ ಮಾವನವರ ಭಾಷೆಯ ಪಕಾಸಿಗೆ, ಕನಿಷ್ಠ ಮೂರು ಮೊಳೆಗಳಿಂದ ಬಿಗಿದಿರಬೇಕು. ಪಟ್ಟಿ ಮತ್ತು ಮರದ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಇರಬಾರದು, ತುಕ್ಕು ತಿಂದಿರಬಾರದು. ಎರಡೇ ಮೊಳೆ ಇದ್ದರೆ ಪಟ್ಟಿ ಇದ್ದೂ ಇಲ್ಲದ ಲೆಕ್ಕ. ಎಪ್ಪತ್ತರ ದಶಕದ ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಆಗ ಕಟ್ಟಿದವರು ಎರಡು ಹೊಡೆದು ಮುಂದೆ ಹೋದರು.

ಒಬ್ಬ ಒಳ್ಳೆಯ ಬಡಗಿ ಅಥವಾ ಗುತ್ತಿಗೆದಾರ ಅಟ್ಟದೊಳಗೆ ತೆವಳಿ ಪ್ರತಿ ಪಟ್ಟಿಗೂ ಮೂರನೆಯ ಮೊಳೆ ಹೊಡೆಯಬಹುದು. ಸತು ಲೇಪಿಸಿದ ಮೊಳೆಯೇ ಆಗಬೇಕು. ಪರ್ಮಿಟ್ ಬೇಕೇ ಎಂದು ಕೌಂಟಿಯನ್ನು ಮೊದಲು ಕೇಳಿ. ನೆನಪಿಡಿ, ದರ್ಜೆ ಕೊಡುವುದು ಅತಿ ದುರ್ಬಲ ಜೋಡಣೆಯನ್ನು ನೋಡಿ. ನಲವತ್ತರಲ್ಲಿ ಮೂವತ್ತೆಂಟಕ್ಕೆ ಹೊಡೆದು ಸೂರಿನ ಮೂಲೆಯ ಎರಡನ್ನು ಬಿಟ್ಟರೆ ಪ್ರಯೋಜನವಿಲ್ಲ. ಮುಗಿದ ಮೇಲೆ ತಪಾಸಣೆಗಾರರನ್ನು ಮತ್ತೆ ಕರೆಸಿ ಆ ಸಾಲನ್ನು ತಿದ್ದಿಸಿ. ಮನೆಯಲ್ಲಿ ಬೇರೆ ಬದಲಾವಣೆ ಆಗದಿದ್ದರೆ ವಿಂಡ್ ಮಿಟಿಗೇಶನ್ ವರದಿ ಐದು ವರ್ಷ ನಡೆಯುತ್ತದೆ.

ಚಾವಣಿ ನಾಲ್ಕು ಕಡೆಗೂ ಇಳಿಜಾರಾಗಿದೆಯೇ? ನಮ್ಮೂರಿನ ನಾಲ್ಕು ಮಾಡಿನ ಮನೆಯಂತೆ? ಹಾಗಿದ್ದರೆ ಅದಕ್ಕೂ ರಿಯಾಯಿತಿ ಇದೆ. ತ್ರಿಕೋನದ ಗೋಡೆ ಮೇಲಕ್ಕೆದ್ದಿರುವ ಎರಡು ಮಾಡಿನ ಮನೆಗಿಂತ ಅದು ಗಾಳಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ಚಾವಣಿಯ ವರದಿಯನ್ನು ಈಗಲೇ ಹಳೆಯ ಕಂಪನಿಗೆ ಕಳಿಸಿ, 2022ರ ಕಾನೂನನ್ನು ಉಲ್ಲೇಖಿಸಿ ಬರವಣಿಗೆಯಲ್ಲಿ ಉತ್ತರ ಕೇಳಿ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಗ್ರಾಹಕ ವಿಭಾಗಕ್ಕೆ ದೂರು ಕೊಡಿ. ಶುಲ್ಕವಿಲ್ಲ. ಹೊಸ ಕಂಪನಿಯ ಹುಡುಕಾಟವನ್ನೂ ನಿಲ್ಲಿಸಬೇಡಿ. ಚಂಡಮಾರುತದ ಎಚ್ಚರಿಕೆ ಹೊರಟ ಕೂಡಲೇ ಕಂಪನಿಗಳು ಹೊಸ ಪಾಲಿಸಿ ಕೊಡುವುದನ್ನು ನಿಲ್ಲಿಸುತ್ತವೆ. ಸೆಪ್ಟೆಂಬರ್ ಹತ್ತಿರ ಬಂತು.

ಪುತ್ತೂರಿನವ, ಜ್ಯಾಕ್ಸನ್‌ವಿಲ್

ತೊಲೆ ಸರ್, ನನ್ನ ಪರಿಚಯದವರಿಗೆ ನಿಮ್ಮ ಮಾತು ಮುಟ್ಟಿಸಿದೆ. ಸ್ನಾನದ ಮನೆಯ ಕೊಳವೆ ಬದಲಿಸಲು ಪ್ಲಂಬರ್ ಗೊತ್ತು ಮಾಡಿದ್ದಾರೆ. ಹೊಸ ವರದಿಯನ್ನು ಏಜೆಂಟರಿಗೂ ಕೊಡುವುದಾಗಿ ಹೇಳಿದ್ದಾರೆ. ಮೊದಲು ಹಾಗೆ ಬರೆದದ್ದಕ್ಕೆ ಕ್ಷಮೆ ಇರಲಿ.

ತುಂಗಾತೀರ, ಟ್ಯಾಂಪಾ
ಅಕ್ಟೋಬರ್

ತಡವಾಗಿ ಬರೆಯುತ್ತಿದ್ದೇನೆ, ಎಲ್ಲ ಮುಗಿದ ಮೇಲೆಯೇ ಬರೆಯಬೇಕು ಎಂದುಕೊಂಡಿದ್ದೆ.

ಹಳೆಯ ಕಂಪನಿ ಮೊದಲ ಪತ್ರಕ್ಕೆ ಉತ್ತರಿಸಲೇ ಇಲ್ಲ. ರಾಜ್ಯಕ್ಕೆ ದೂರು ಕೊಟ್ಟ ಮೂರನೆಯ ವಾರ, ನವೀಕರಿಸುತ್ತೇವೆ ಎಂಬ ಪತ್ರ ಬಂತು, ವಾರ್ಷಿಕ ಕಂತು 6,140 ಡಾಲರ್. ಅಷ್ಟರಲ್ಲಿ ಮೊಳೆಯ ಕೆಲಸ ಮುಗಿದಿತ್ತು. ಪರ್ಮಿಟ್‌ನ ಬಗ್ಗೆ ಕೌಂಟಿಯನ್ನು ಕೇಳಿಯೇ ಮಾಡಿಸಿದೆವು. ಬಡಗಿ ಒಂದೂವರೆ ದಿನ ಅಟ್ಟದಲ್ಲಿದ್ದರು, ಆಗಸ್ಟಿನ ಸೆಕೆಯಲ್ಲಿ. ಮಾವನವರು ಕೆಳಗೆ ಏಣಿ ಹಿಡಿದು ನಿಂತು ಪ್ರತಿ ಗಂಟೆಗೆ ಮಜ್ಜಿಗೆ ಕೊಟ್ಟರು. ಕೊನೆಯಲ್ಲಿ ಮೂಲೆಯ ಎರಡು ಪಟ್ಟಿಗೆ ಕೈ ಎಟಕುತ್ತಿಲ್ಲ, ಬಿಡಲೇ ಎಂದು ಬಡಗಿ ಕೇಳಿದಾಗ, ಭಾಷೆ ಬಾರದಿದ್ದರೂ ಮಾವನವರು ಬೆರಳು ಮಡಿಸಿ ಎರಡು ಎಂದು ತೋರಿಸಿ ತಲೆ ಅಲ್ಲಾಡಿಸಿದರು. ಹೊರಗಿನಿಂದ ಸೂರಿನ ಕೆಳಗಿನ ಹಲಗೆ ಬಿಚ್ಚಿ ಅದನ್ನೂ ಮುಗಿಸಿದರು. ಒಟ್ಟು 850.

ಹೊಸ ವರದಿಯೊಂದಿಗೆ ಬೇರೊಂದು ಕಂಪನಿ 4,790ಕ್ಕೆ ಒಪ್ಪಿತು, ಚಂಡಮಾರುತದ ಕಡಿತ ಶೇಕಡ 2. ಗದಗಿನ ಗಾಳಿಯವರ ಮಾತು ಕೇಳಿ ಪ್ರವಾಹ ವಿಮೆಯನ್ನೂ ಸೇರಿಸಿದೆವು. ಈ ವರ್ಷದ ಖರ್ಚನ್ನೆಲ್ಲ ಕೂಡಿಸಿದರೆ ಉಳಿತಾಯ ಎನ್ನಲಾಗದು. ಚಾವಣಿಗೆ ಇನ್ನು ಐದು ವರ್ಷವೆಂದು ಇಟ್ಟುಕೊಂಡು ಈ ತಿಂಗಳಿನಿಂದಲೇ ಹಣ ಎತ್ತಿಡುತ್ತಿದ್ದೇವೆ.

ಮಾವನವರು ಮುಂದಿನ ವಾರ ಊರಿಗೆ ಹೊರಡುತ್ತಾರೆ. ಸಾಗರದಾಕೆಯವರೇ, ಒಂದು ವಿನಂತಿ. ನೀವು ಪ್ರತಿ ವರ್ಷ ತೆಗೆಯುವ ಫೋಟೊಗಳ ಪಟ್ಟಿಯನ್ನು ಇಲ್ಲಿ ಹಾಕುತ್ತೀರಾ? ಮನೆ ತಲುಪಿದ ಕೂಡಲೇ ತಮ್ಮ ಮಾಡಿಗೆ ಹತ್ತಬೇಕು ಎನ್ನುತ್ತಿದ್ದಾರೆ.

ಸಾಗರದಾಕೆ, ಸಾಗರ

ಖಂಡಿತ ಹಾಕುತ್ತೇನೆ, ಇವತ್ತು ರಾತ್ರಿಯೇ. ಆದರೆ ಅವರನ್ನು ಈಗ ಹತ್ತಲು ಬಿಡಬೇಡಿ. ಇಲ್ಲಿ ಇನ್ನೂ ಮಳೆ ಬಿಟ್ಟಿಲ್ಲ, ಹೆಂಚಿನ ಮೇಲೆಲ್ಲ ಪಾಚಿ ಜಾರುತ್ತಿದೆ. ದೀಪಾವಳಿ ಕಳೆದು ನಾಲ್ಕು ದಿನ ಬಿಸಿಲು ಕಾಯಲಿ. ತೀರ್ಥಹಳ್ಳಿ ನಮಗೆ ದೂರವಲ್ಲ, ಅಪ್ಪನನ್ನು ಕರೆದುಕೊಂಡು ನಾನೇ ಹೋಗಿ ಬರುತ್ತೇನೆ.